ಗಣಕಜಾಲದಲ್ಲಿ ಬಳಕೆದಾರರ ಸಂಗ್ರಹಕ್ಕೆ ಮಿತಿ: ಚರಿತ್ರೆಯ ಅಭ್ಯಾಸಿಗಳ ದೃಷ್ಟಿಯಿಂದ

ಹಂಪೆಯ ಅವಶೇಷಗಳ ಅತ್ಯಂತ ಹಳೆಯ ಛಾಯಾಚಿತ್ರಗಳನ್ನು ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ. 1856ರಲ್ಲಿ ಆತನು ಮೇಣ ಹಚ್ಚಿದ ಕಾಗದದ ಮೇಲೆ ಮೂಡಿಸಿದ ನೆಗೆಟಿವುಗಳು ಸುಮಾರು 60. ಇಂದು ಕಂಪ್ಲಿಯಿಂದ ಬೆಳಗಿನ ಬಸ್ಸಿಗೆ ಹೊರಟು, ವಿಠಲ ದೇವಾಲಯವನ್ನೂ ಅಚ್ಯುತರಾಯನ ಗುಡಿಯನ್ನೂ ನೋಡಿಕೊಂಡು, ಸಂಜೆಗೆ ಮರಳುವ ಎಂ.ಎ. ವಿದ್ಯಾರ್ಥಿಯು ಮೊಬೈಲಿನಲ್ಲಿ ಅದಕ್ಕಿಂತ ಹೆಚ್ಚು ಚಿತ್ರಗಳನ್ನು ತುಂಬಿಕೊಂಡು ಬಂದಿರುತ್ತಾನೆ. ಸಾಮಗ್ರಿಯು ಹೇರಳವಾದುದು ಸಂತೋಷದ ವಿಷಯವೇ ಸರಿ. ಆದರೆ ಅದನ್ನು ಇಡತಕ್ಕ ಜಾಗವು ಅಷ್ಟು ಹೇರಳವಾಗಿಲ್ಲ. ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಗಣಕಜಾಲದಲ್ಲಿ ಪ್ರತಿಯೊಬ್ಬನ ಹೆಸರಿನಲ್ಲಿರುವ ಜಾಗಕ್ಕೂ ಒಂದು ಮಿತಿಯುಂಟು. ಆ ಮಿತಿ ಏನು, ಅದನ್ನು ಯಾರು ಹೇಗೆ ಗೊತ್ತುಮಾಡುತ್ತಾರೆ, ಅದು ತಪ್ಪಾಗಿ ಗೊತ್ತಾದರೆ ವಿದ್ಯಾರ್ಥಿಯ ಕೆಲಸಕ್ಕೆ ಒದಗುವ ಹಾನಿಯೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಚರಿತ್ರೆ ವಿಭಾಗದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೇಕೆಂದು ಕೆಲವರು ಕೇಳಬಹುದು. ಆಕರಗಳನ್ನು ಕೂಡಿಸುವುದು, ಕಾಪಾಡುವುದು, ಯಾವುದನ್ನು ಉಳಿಸಬೇಕು ಯಾವುದನ್ನು ಬಿಡಬಹುದು ಎಂದು ನಿರ್ಣಯಿಸುವುದು ನಮ್ಮ ಶಾಸ್ತ್ರದ ಮೊದಲ ಕೆಲಸ. ನಮ್ಮನ್ನು ಕೇಳದೆಯೇ ಆ ನಿರ್ಣಯವನ್ನು ಒಂದು ಅಂಕಿಯು ಮಾಡುತ್ತಿರುವಾಗ, ಆ ಅಂಕಿ ಎಲ್ಲಿಂದ ಬಂದಿತೆಂದು ತಿಳಿದುಕೊಳ್ಳುವುದು ಅಧಿಕಪ್ರಸಂಗವಾಗಲಾರದು.

ಮೊದಲಿಗೆ ‘ಪ್ರೊಫೈಲು’ ಎಂಬ ಮಾತಿನ ಅರ್ಥವನ್ನು ನೋಡೋಣ. ಒಬ್ಬ ನಿರ್ವಾಹಕನ ಆಡಳಿತಕ್ಕೆ ಒಳಪಟ್ಟ ಜಾಲದಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಹೆಸರು, ಒಂದು ಗುಟ್ಟುಪದ ಇರುತ್ತವೆ. ಆತನು ಒಳಹೊಕ್ಕ ಕೂಡಲೆ ಪರದೆಯ ಮೇಲೆ ಕಾಣುವ ಚಿತ್ರ, ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಂಡ ಫೈಲುಗಳು, ಕನ್ನಡದ ಕೀಲಿಮಣೆಯ ಆಯ್ಕೆ, ಬ್ರೌಸರಿನಲ್ಲಿ ಗುರುತು ಹಾಕಿಟ್ಟ ಪುಟಗಳು, ಬೇರೆ ಬೇರೆ ತಂತ್ರಾಂಶಗಳು ಆತನಿಗಾಗಿ ನೆನಪಿಟ್ಟುಕೊಂಡ ಸಣ್ಣಪುಟ್ಟ ಸಂಗತಿಗಳು, ಇವೆಲ್ಲ ಸೇರಿದ ಗಂಟೇ ಪ್ರೊಫೈಲು. ಬೇರೆ ಏರ್ಪಾಡು ಮಾಡದಿದ್ದಲ್ಲಿ ದಾಖಲೆಗಳ ಫೋಲ್ಡರೂ ಚಿತ್ರಗಳ ಫೋಲ್ಡರೂ ಇದೇ ಗಂಟಿನಲ್ಲಿ ಸೇರಿಬಿಡುತ್ತವೆ. ಈ ಕೊನೆಯ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಬರುವ ತೊಡಕಿನ ಬೇರು ಅಲ್ಲಿಯೇ ಇದೆ.

ಈ ಗಂಟು ಒಂದೇ ಯಂತ್ರದಲ್ಲಿದ್ದರೆ ಪ್ರಶ್ನೆಯು ಅಷ್ಟಾಗಿ ಏಳುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಗಲ್ಲ. ಬೆಳಗ್ಗೆ ಪ್ರಯೋಗಾಲಯದ ಒಂದು ಯಂತ್ರ, ಮಧ್ಯಾಹ್ನ ಗ್ರಂಥಾಲಯದ ಇನ್ನೊಂದು, ಮರುದಿನ ಮತ್ತೊಂದು. ಎಲ್ಲಿ ಕುಳಿತರೂ ತನ್ನ ಮೇಜೇ ಎದುರಿಗಿರಲಿ ಎಂಬ ಉದ್ದೇಶದಿಂದ ಸಂಚಾರಿ ಪ್ರೊಫೈಲು ಎಂಬ ಏರ್ಪಾಡನ್ನು ಮಾಡಿದ್ದಾರೆ. ಇದರ ಮೂಲಪ್ರತಿಯು ಸರ್ವರಿನಲ್ಲಿರುತ್ತದೆ. ಬಳಕೆದಾರನು ಒಳಬಂದಾಗ ಅದು ಆ ಯಂತ್ರಕ್ಕೆ ಇಳಿಯುತ್ತದೆ. ಹೊರಹೋಗುವಾಗ ಬದಲಾದ ಭಾಗವು ಸರ್ವರಿಗೆ ಹಿಂದಿರುಗುತ್ತದೆ. ಹಳೆಯ ಕಾಲದ ಶಾನುಭೋಗನು ದಫ್ತರವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಚೇರಿಗೆ ಹೋಗಿ, ಸಂಜೆ ಮತ್ತೆ ಕಟ್ಟಿಕೊಂಡು ಮನೆಗೆ ತರುತ್ತಿದ್ದುದನ್ನು ಇದಕ್ಕೆ ಹೋಲಿಸಬಹುದು. ದಫ್ತರವು ಹಗುರವಾಗಿದ್ದಷ್ಟು ದಿನ ಇದು ಸುಖದ ಪದ್ಧತಿ.

ಭಾರವಾದರೆ ಏನಾಗುತ್ತದೆಂಬುದಕ್ಕೆ ಒಂದು ಲೆಕ್ಕ. 40 ಯಂತ್ರಗಳಿರುವ ಪ್ರಯೋಗಾಲಯದಲ್ಲಿ ಹತ್ತು ಗಂಟೆಯ ತರಗತಿಗೆ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಒಳಬರುತ್ತಾರೆನ್ನೋಣ. ಒಬ್ಬೊಬ್ಬನ ಪ್ರೊಫೈಲು 2 ಗಿಗಾಬೈಟು. ಹಿಂದಿನ ಪ್ರತಿಯು ಆ ಯಂತ್ರಗಳಲ್ಲಿ ಇಲ್ಲ. ಸಾಗಬೇಕಾದುದು ಒಟ್ಟು 80 ಗಿಗಾಬೈಟು. ಸರ್ವರಿನಿಂದ ಹೊರಡುವ ತಂತಿಯು ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸಬಲ್ಲುದಾದರೆ, ಬೈಟಿನ ಲೆಕ್ಕದಲ್ಲಿ ಅದು 125 ಮೆಗಾಬೈಟು. ಯಾವ ಅಡಚಣೆಯೂ ಇಲ್ಲದಿದ್ದರೂ 640 ಸೆಕೆಂಡು, ಎಂದರೆ ಹತ್ತು ನಿಮಿಷಕ್ಕೂ ಮೇಲು, ತರಗತಿಯು ಪರದೆಯನ್ನು ನೋಡುತ್ತ ಸುಮ್ಮನೆ ಕುಳಿತಿರಬೇಕು. ಅದೇ ಪ್ರೊಫೈಲು 50 ಮೆಗಾಬೈಟಿನಷ್ಟಿದ್ದರೆ 16 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಮಿತಿಯನ್ನು ಹೇರುವವನು ಜಿಪುಣನೆಂದು ವಿದ್ಯಾರ್ಥಿಗಳು ಗೊಣಗುವುದುಂಟು. ಆದರೆ ಈ ಲೆಕ್ಕವನ್ನು ನೋಡಿದ ಮೇಲೆ, ಮಿತಿಯು ಡಿಸ್ಕಿನ ಬೆಲೆಗಿಂತ ಹೆಚ್ಚಾಗಿ ಎಲ್ಲರ ಹೊತ್ತಿಗೆ ಸಂಬಂಧಿಸಿದುದೆಂಬುದು ಸ್ಪಷ್ಟವಾಗುತ್ತದೆ.

ವಿಂಡೋಸ್ ಜಾಲಗಳಲ್ಲಿ ಪ್ರೊಫೈಲಿನ ಗಾತ್ರವನ್ನು ಕಟ್ಟುಮಾಡಲು ನಿರ್ವಾಹಕನಿಗೆ ಒಂದು ನೀತಿಸೂತ್ರವನ್ನು ಒದಗಿಸಿದ್ದಾರೆ. ಗರಿಷ್ಠ ಗಾತ್ರವೆಷ್ಟು, ಆಯ್ಕೆಗಳನ್ನು ಬರೆದಿಡುವ ರಿಜಿಸ್ಟ್ರಿ ಫೈಲನ್ನು ಆ ಲೆಕ್ಕದಲ್ಲಿ ಸೇರಿಸಬೇಕೆ, ಮಿತಿಯನ್ನು ದಾಟಿದವನಿಗೆ ಎಚ್ಚರಿಕೆ ಕೊಡಬೇಕೆ, ಕೊಡುವುದಾದರೆ ಯಾವ ಮಾತಿನಲ್ಲಿ, ಎಷ್ಟು ನಿಮಿಷಕ್ಕೊಮ್ಮೆ, ಇವಿಷ್ಟನ್ನೂ ಅಲ್ಲಿ ತುಂಬಬಹುದು. ನಿರ್ವಾಹಕನು ಏನನ್ನೂ ಬದಲಿಸದೆ ಆ ಸೂತ್ರವನ್ನು ಜಾರಿಗೆ ತಂದರೆ ಗರಿಷ್ಠ ಗಾತ್ರದ ಸ್ಥಾನದಲ್ಲಿರುವ ಅಂಕಿ 30000 ಕಿಲೋಬೈಟು, ಎಂದರೆ ಸುಮಾರು 30 ಮೆಗಾಬೈಟು. ಮೊಬೈಲಿನ ಒಂದು ಚಿತ್ರವು 5 ಮೆಗಾಬೈಟೆಂದು ಹಿಡಿದರೆ ಆರೇ ಚಿತ್ರಗಳು! ವಿರೂಪಾಕ್ಷ ಗುಡಿಯ ಗೋಪುರವನ್ನು ನಾಲ್ಕು ದಿಕ್ಕಿನಿಂದ ತೆಗೆಯುವಷ್ಟರಲ್ಲಿಯೇ ಮೂರರಲ್ಲಿ ಎರಡು ಪಾಲು ಮುಗಿದಿರುತ್ತದೆ. ಯಾರೋ ಎಂದೋ ಇಟ್ಟ ಈ ಅಂಕಿಯನ್ನು ನೋಡದೆಯೇ ಒಪ್ಪಿಕೊಳ್ಳುವುದು, ಹಳೆಯ ಅಚ್ಚಿನ ತಪ್ಪನ್ನು ಮೂಲಶಾಸನದ ಪಾಠವೆಂದು ನಂಬಿದಂತೆ.

ಮಿತಿಯನ್ನು ದಾಟಿದಾಗ ಯಂತ್ರವು ನಡೆದುಕೊಳ್ಳುವ ರೀತಿಯು ಕಾಲಕ್ರಮದಲ್ಲಿ ಬದಲಾಗಿದೆ. ಇದು ಬಹುಮುಖ್ಯವಾದುದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವಿಂಡೋಸ್ ಎಕ್ಸ್‌ಪಿಯವರೆಗಿನ ಆವೃತ್ತಿಗಳಲ್ಲಿ ಮಿತಿ ಮೀರಿದ ಬಳಕೆದಾರನನ್ನು ಹೊರಹೋಗಲು ಬಿಡುತ್ತಿರಲಿಲ್ಲ. ಫೈಲುಗಳನ್ನು ಅಳಿಸಿಯೋ ಬೇರೆಡೆಗೆ ಸಾಗಿಸಿಯೋ ಗಾತ್ರವನ್ನು ತಗ್ಗಿಸಿದ ಮೇಲೆಯೇ ಬಿಡುಗಡೆ. ಇದು ಒರಟಾದ ಪದ್ಧತಿ. ಬಸ್ಸಿಗೆ ಹೊತ್ತಾದವರ ಬೈಗುಳಕ್ಕೆ ಗುರಿಯಾಗುತ್ತಿದ್ದುದೂ ಸಹಜ. ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆಯಿತ್ತು: ಏನೋ ತೊಂದರೆಯಾಗಿದೆ ಎಂಬುದು ಬಳಕೆದಾರನಿಗೆ ತಿಳಿಯದೆ ಹೋಗುತ್ತಿರಲಿಲ್ಲ. ವಿಸ್ಟಾ ಮತ್ತು ಅದರ ಮುಂದಿನ ಆವೃತ್ತಿಗಳು ಯಾರನ್ನೂ ತಡೆಯುವುದಿಲ್ಲ. ಬಳಕೆದಾರನು ಸುಖವಾಗಿ ಹೊರಹೋಗುತ್ತಾನೆ. ಆದರೆ ಆತನ ಪ್ರೊಫೈಲು ಮಾತ್ರ ಸರ್ವರಿಗೆ ಹಿಂದಿರುಗುವುದಿಲ್ಲ.

ಸಂಡೂರಿನ ಕಡೆಯ ಒಬ್ಬ ವಿದ್ಯಾರ್ಥಿನಿಯು ಕುಮಾರಸ್ವಾಮಿ ಗುಡಿಯ ಪರಿಸರದ ಶಾಸನಗಳ ಮೇಲೆ ಕಿರುಪ್ರಬಂಧವನ್ನು ಬರೆಯುತ್ತಿದ್ದಾಳೆಂದು ಭಾವಿಸೋಣ. ಸೋಮವಾರ ಪ್ರಯೋಗಾಲಯದ ಏಳನೆಯ ಯಂತ್ರದಲ್ಲಿ ಕುಳಿತು ಚಿತ್ರಗಳನ್ನು ಡೆಸ್ಕ್‌ಟಾಪಿಗೆ ಇಳಿಸಿಕೊಂಡು, ಅವನ್ನು ನೋಡುತ್ತ ಶಾಸನಪಾಠವನ್ನು ಟಂಕಿಸಿದಳು. ಮಿತಿಯು ದಾಟಿತು. ಎಚ್ಚರಿಕೆಯನ್ನು ಕೊಡುವ ಏರ್ಪಾಡಿರಲಿಲ್ಲ, ಇಲ್ಲವೆ ಇಂಗ್ಲಿಷಿನ ಸಾಲೊಂದು ಮೂಲೆಯಲ್ಲಿ ಮೂಡಿ ಮರೆಯಾಯಿತು. ಬುಧವಾರ ಗ್ರಂಥಾಲಯದ ಯಂತ್ರದಲ್ಲಿ ಕುಳಿತಾಗ ಆಕೆಗೆ ಕಾಣುವುದು ಹಿಂದಿನ ವಾರದ ಪ್ರತಿ. ಸೋಮವಾರದ ಕೆಲಸವು ಏಳನೆಯ ಯಂತ್ರದ ಡಿಸ್ಕಿನಲ್ಲಿ ಒಂಟಿಯಾಗಿ ಕುಳಿತಿದೆ. ಅದು ಅಲ್ಲಿರಬಹುದೆಂದು ಆಕೆಗೆ ಹೇಳುವವರಿಲ್ಲ. ಪ್ರಯೋಗಾಲಯದ ಯಂತ್ರಗಳಲ್ಲಿ ಹಳೆಯ ಪ್ರೊಫೈಲುಗಳನ್ನು ಇಂತಿಷ್ಟು ದಿನಗಳ ಮೇಲೆ ತಾನಾಗಿ ಅಳಿಸುವ ನಿಯಮವೂ ಇರುವುದುಂಟು. ಆ ನಿಯಮವು ಮೊದಲು ಬಂದರೆ ಪಾಠವು ಹೋಯಿತೆಂದೇ ಅರ್ಥ. ಗುಡಿಯ ಕಲ್ಲು ಅಲ್ಲಿಯೇ ಇದೆಯಲ್ಲ, ಮತ್ತೆ ಹೋಗಿ ಓದಲಿ ಎನ್ನುವವರು, ಆ ಗುಡ್ಡದ ದಾರಿಯನ್ನೂ ಒಂದು ಸೆಮಿಸ್ಟರಿನ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಹಾಗಾದರೆ ಮಿತಿಯೇ ಬೇಡವೆ? ಬೇಕು. ಮಿತಿಯನ್ನು ಎಲ್ಲಿ ಹಾಕಬೇಕೆಂಬುದೇ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಪ್ರೊಫೈಲಿಗೆ ಹಾಕುವ ಮಿತಿಯು ಕೆಲಸಕ್ಕೆ ಹಾಕುವ ಮಿತಿಯಾಗಬಾರದು. ಇವೆರಡನ್ನೂ ಬೇರ್ಪಡಿಸುವ ಉಪಾಯವೂ ಹೊಸದೇನಲ್ಲ. ದಾಖಲೆಗಳು, ಚಿತ್ರಗಳು, ಡೆಸ್ಕ್‌ಟಾಪು ಇವುಗಳನ್ನು ಪ್ರೊಫೈಲಿನಿಂದ ಹೊರತೆಗೆದು, ಸರ್ವರಿನಲ್ಲಿಯೇ ಒಂದು ಕಡೆ ನೆಲೆಗೊಳಿಸಿ, ಯಂತ್ರಗಳು ಅಲ್ಲಿಂದಲೇ ಅವನ್ನು ತೆರೆಯುವಂತೆ ಮಾಡಬಹುದು. ಇದನ್ನು ಫೋಲ್ಡರುಗಳ ಮರುನಿರ್ದೇಶನ ಎನ್ನುತ್ತಾರೆ. ಆಗ ಒಳಬಂದಾಗಲೆಲ್ಲ ಚಿತ್ರಗಳೆಲ್ಲವೂ ಇಳಿಯಬೇಕಾದುದಿಲ್ಲ. ತೆರೆದ ಫೈಲಷ್ಟೇ ಸಾಗುತ್ತದೆ. ಪ್ರೊಫೈಲಿನಲ್ಲಿ ಉಳಿಯುವುದು ಆಯ್ಕೆಗಳು, ಗುರುತುಗಳು ಮೊದಲಾದ ಹಗುರ ಸರಕು. ಅದಕ್ಕೆ ಮಿತಿಯು ಬಿಗಿಯಾಗಿದ್ದರೂ ಯಾರಿಗೂ ನೋವಿಲ್ಲ. ಕೆಲಸವಿರುವ ಜಾಗಕ್ಕೆ ಬೇರೆಯೇ ಮಿತಿ, ಬೇರೆಯೇ ರೀತಿಯಲ್ಲಿ.

ಆ ಬೇರೆಯ ರೀತಿಗೆ ನಾಲ್ಕು ದಶಕಗಳಿಗೂ ಮೀರಿದ ಚರಿತ್ರೆಯುಂಟು. ಒಂದೇ ದೊಡ್ಡ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ, ಡಿಸ್ಕನ್ನು ಒಬ್ಬನೇ ತುಂಬಿಬಿಟ್ಟರೆ ಉಳಿದವರ ಕೆಲಸ ನಿಲ್ಲುತ್ತಿತ್ತು. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್ ಎಂಬವರು ರಚಿಸಿದ ಮಿತಿಯ ಏರ್ಪಾಡು 1983ರಲ್ಲಿ ಬರ್ಕ್‌ಲಿ ಯೂನಿಕ್ಸಿನ ಆವೃತ್ತಿಯಲ್ಲಿ ಸೇರಿತು. ಇದು ಹುಟ್ಟಿದುದು ವ್ಯಾಪಾರದ ಮನೆಯಲ್ಲಲ್ಲ, ನಮ್ಮಂಥ ವಿದ್ಯಾಸಂಸ್ಥೆಯಲ್ಲಿ ಎಂಬುದು ಗಮನಾರ್ಹ. ಅದರಲ್ಲಿ ಎರಡು ಗೆರೆಗಳು: ಮೆತ್ತನೆಯದೊಂದು, ಗಟ್ಟಿಯದೊಂದು. ಮೆತ್ತನೆಯ ಗೆರೆಯನ್ನು ದಾಟಿದವನಿಗೆ ಎಚ್ಚರಿಕೆ ಬರುತ್ತದೆ, ಕೆಲಸ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಏಳು ದಿನಗಳ ವಾಯಿದೆ ಸಿಗುತ್ತದೆ. ವಾಯಿದೆಯೊಳಗೆ ಇಳಿಸಿಕೊಳ್ಳದಿದ್ದರೆ ಮೆತ್ತನೆಯದೇ ಗಟ್ಟಿಯಾಗಿ ನಿಲ್ಲುತ್ತದೆ. ಗಟ್ಟಿ ಗೆರೆಯನ್ನಂತೂ ಯಾರೂ ಯಾವಾಗಲೂ ದಾಟುವಂತಿಲ್ಲ. ಫೈಲುಗಳ ಗಾತ್ರಕ್ಕಷ್ಟೇ ಅಲ್ಲದೆ ಸಂಖ್ಯೆಗೂ ಮಿತಿಯನ್ನಿಡಬಹುದು. ಲಿನಕ್ಸ್ ಯಂತ್ರಗಳಲ್ಲಿ ಇಂದಿಗೂ ನಡೆಯುತ್ತಿರುವುದು ಈ ಪದ್ಧತಿಯೇ. ವಿಂಡೋಸಿನಲ್ಲಿ 2000ದ ಆವೃತ್ತಿಯಿಂದ ಫೈಲಿನ ಒಡೆಯನನ್ನು ನೋಡಿ ಲೆಕ್ಕ ಹಾಕುವ ಮಿತಿಯೂ, ಆಮೇಲೆ ಸರ್ವರಿನ ಒಂದೊಂದು ಫೋಲ್ಡರಿಗೆ ಹಾಕುವ ಮಿತಿಯೂ ಬಂದಿವೆ. ಇಲ್ಲಿ ಒಂದು ಎಚ್ಚರ ಅಗತ್ಯ. ಸಂಚಾರಿ ಪ್ರೊಫೈಲುಗಳ ಮೂಲಪ್ರತಿ ಇರುವ ಜಾಗಕ್ಕೇ ಗಟ್ಟಿ ಮಿತಿಯನ್ನು ತೀರ ಕೆಳಗೆ ಹಾಕಿದರೆ, ಹಿಂದಿರುಗುವ ಫೈಲುಗಳು ಅರ್ಧದಾರಿಯಲ್ಲಿ ನಿಲ್ಲುವ ಭಯವುಂಟು.

ಇನ್ನು, ಅಂಕಿಯನ್ನು ಗೊತ್ತುಮಾಡುವ ಬಗೆ. ಇದಕ್ಕೆ ನಮ್ಮ ವಿದ್ಯಾರ್ಥಿಗಳು ನಿಜವಾಗಿ ಏನನ್ನು ಕೂಡಿಡುತ್ತಾರೆಂಬುದನ್ನು ಅಳೆದು ನೋಡಬೇಕು. ಯೂನಿಕೋಡಿನ ಬಹುಬಳಕೆಯ ರೂಪದಲ್ಲಿ ಇಂಗ್ಲಿಷಿನ ಅಕ್ಷರವೊಂದಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟು. ‘ಹಂಪಿ’ ಎಂಬುದು ನೋಟಕ್ಕೆ ಎರಡಕ್ಷರ. ಯಂತ್ರಕ್ಕೆ ಅದು ಹಕಾರ, ಸೊನ್ನೆ, ಪಕಾರ, ಗುಡಿಸು ಎಂದು ನಾಲ್ಕು ಸಂಕೇತ, 12 ಬೈಟು. ಇದನ್ನು ಕೇಳಿದವರು ಕನ್ನಡವು ಮೂರು ಪಟ್ಟು ಜಾಗ ತಿನ್ನುವ ಭಾಷೆಯೆಂದು ಗಾಬರಿಪಡುವುದುಂಟು. ಗಾಬರಿಗೆ ಕಾರಣವಿಲ್ಲ. ಪುಟಕ್ಕೆ 2000 ಸಂಕೇತಗಳಂತೆ 300 ಪುಟಗಳ ಪ್ರಬಂಧವನ್ನು ಸಾದಾ ಪಠ್ಯವಾಗಿ ಬರೆದಿಟ್ಟರೂ ಎರಡು ಮೆಗಾಬೈಟನ್ನು ಮುಟ್ಟುವುದಿಲ್ಲ. ಒಬ್ಬ ಸಂಶೋಧಕನ ಜೀವಮಾನದ ಬರಹವು ಮೊಬೈಲಿನ ಕೆಲವು ಚಿತ್ರಗಳಷ್ಟು ಜಾಗದಲ್ಲಿ ಅಡಗುತ್ತದೆ.

ಜಾಗವನ್ನು ತಿನ್ನುವುದು ಚಿತ್ರ. ಒಂದು ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನು ಮಾಡಿ, ಕುಗ್ಗಿಸದೆ ಇಟ್ಟರೆ ಸುಮಾರು 26 ಮೆಗಾಬೈಟು. ಅದನ್ನೇ ಬೂದುಬಣ್ಣದ ಛಾಯೆಗಳಲ್ಲಿ ಇಟ್ಟರೆ 9ಕ್ಕಿಂತ ಕಡಿಮೆ. ಬರಿಯ ಕಪ್ಪುಬಿಳುಪಾದರೆ ಒಂದರ ಆಸುಪಾಸು. ಚುಕ್ಕೆಗಳನ್ನು 600ಕ್ಕೆ ಏರಿಸಿದರೆ ಎಲ್ಲವೂ ನಾಲ್ಕು ಪಟ್ಟು. ಅಚ್ಚಾದ ಪುಸ್ತಕದ ಪುಟಕ್ಕೆ ಕಪ್ಪುಬಿಳುಪು ಸಾಕು. ತಾಳೆಗರಿಗೆ, ಕಡತಕ್ಕೆ, ಮಸಿಯ ಬಣ್ಣವೇ ಸಾಕ್ಷ್ಯವಾಗಿರುವ ಕಾಗದಪತ್ರಕ್ಕೆ ಬಣ್ಣ ಬೇಕೇ ಬೇಕು. ಶಾಸನದ ಅಚ್ಚೆಗೆ ಬೂದುಛಾಯೆ ಬಹಳಮಟ್ಟಿಗೆ ಸಾಲುತ್ತದೆ. ಈ ವಿವೇಚನೆಯನ್ನು ಕಲಿಸುವುದು ಚರಿತ್ರೆಯ ಅಧ್ಯಾಪಕನ ಕೆಲಸವೇ ಹೊರತು ಜಾಲದ ನಿರ್ವಾಹಕನ ಕೆಲಸವಲ್ಲ. ಮಿತಿಯ ಬಗ್ಗೆ ದೂರುವ ನಾವು ಇದನ್ನು ತರಗತಿಯಲ್ಲಿ ಒಂದು ಗಂಟೆ ಹೇಳಿಕೊಟ್ಟರೆ ಅರ್ಧ ದೂರು ತಾನಾಗಿ ಇಳಿಯುತ್ತದೆ.

ಹಂಚಿಕೆಯ ವಿಷಯದಲ್ಲಿ ಹೊಸಪೇಟೆಯವರಿಗೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಮೊದಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಕೃಷ್ಣಾ ನ್ಯಾಯಮಂಡಳಿಯು 1976ರಲ್ಲಿ ಮುಗಿಸಿದ ಹಂಚಿಕೆಯಲ್ಲಿ, ಆವಿಯಾಗುವುದನ್ನು ಬಿಟ್ಟು, ವರ್ಷಕ್ಕೆ 212 ಟಿ.ಎಂ.ಸಿ.ಯನ್ನು ಗೊತ್ತುಮಾಡಿ, ಅದರಲ್ಲಿ 138.99ನ್ನು ಕರ್ನಾಟಕಕ್ಕೂ 73.01ನ್ನು ಅಂದಿನ ಆಂಧ್ರಪ್ರದೇಶಕ್ಕೂ ಕೊಟ್ಟರು. ಪಾತ್ರೆಗಿಂತ ಹಂಚಿಕೆಯು ದೊಡ್ಡದಾಗಿರುವುದು ಹೇಗೆ? ಮಳೆಗಾಲದಲ್ಲಿ ಒಂದು ಕಡೆಯಿಂದ ನೀರು ಬರುತ್ತಿರುವಾಗಲೇ ಇನ್ನೊಂದು ಕಡೆಯಿಂದ ಕಾಲುವೆಗಳಿಗೆ ಹರಿಯುತ್ತಿರುತ್ತದೆ. ಜಾಲದ ನಿರ್ವಾಹಕರೂ ಹೀಗೆಯೇ ಡಿಸ್ಕಿನ ಗಾತ್ರಕ್ಕಿಂತ ಹೆಚ್ಚಾಗಿ ಮಿತಿಗಳನ್ನು ಹಂಚುತ್ತಾರೆ. 2000 ಗಿಗಾಬೈಟಿನ ಡಿಸ್ಕಿನಲ್ಲಿ 400 ಜನಕ್ಕೆ ತಲೆಗೆ 5 ಎಂದು ಹಂಚುವ ಬದಲು 8 ಅಥವಾ 10 ಎನ್ನುತ್ತಾರೆ. ಎಲ್ಲರೂ ತಮ್ಮ ಪಾಲನ್ನು ತುಂಬುವುದಿಲ್ಲವೆಂಬ ನಂಬಿಕೆ. ಹೋಲಿಕೆಯು ಇಲ್ಲಿಯವರೆಗೆ ಸರಿ. ಆದರೆ ಜಲಾಶಯದ ನೀರು ಹೊಲಕ್ಕೆ ಹರಿದು ಪಾತ್ರೆಯು ಬರಿದಾಗುತ್ತದೆ, ಫೈಲು ಹರಿಯುವುದಿಲ್ಲ. ಯಾರಾದರೂ ತೆಗೆಯುವವರೆಗೆ ಇದ್ದಲ್ಲೇ ಇರುತ್ತದೆ. ಆದುದರಿಂದ ಹೆಚ್ಚುಹಂಚಿಕೆಯನ್ನು ಮಾಡುವವನು ತಿಂಗಳಿಗೊಮ್ಮೆಯಾದರೂ ಮಟ್ಟವನ್ನು ನೋಡುತ್ತಿರಬೇಕು. ತುಂಗಭದ್ರಾ ಮಂಡಳಿಯು ಒಳಹರಿವಿನ ಅಂದಾಜನ್ನು ಮುಂದಾಗಿ ಮಾಡಿ, ಋತು ಸಾಗಿದಂತೆ ತಿದ್ದಿಕೊಂಡು, ಕೊರತೆಯಾದಾಗ ಪಾಲುಗಳನ್ನು ಅನುಪಾತದಲ್ಲಿ ತಗ್ಗಿಸುತ್ತದೆ. ಪಾಲುದಾರರಿಗೆ ಅದು ಮೊದಲೇ ತಿಳಿದಿರುತ್ತದೆ ಎಂಬುದೇ ಅಲ್ಲಿನ ಸೊಗಸು.

ಹೂಳಿನ ಮಾತೂ ಇಲ್ಲಿ ಬರಬೇಕು. ಆ 133ರ ಪಾತ್ರೆಯು ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಪ್ರೊಫೈಲಿನಲ್ಲಿಯೂ ಹೂಳುಂಟು: ಬ್ರೌಸರು ಕಂಡ ಪುಟಗಳ ನಕಲುಗಳು, ತಂತ್ರಾಂಶಗಳು ಬಿಟ್ಟುಹೋದ ತಾತ್ಕಾಲಿಕ ಫೈಲುಗಳು. ಇವುಗಳಲ್ಲಿ ಬಹುಪಾಲು ಆಯಾ ಯಂತ್ರದಲ್ಲಿಯೇ ಉಳಿಯತಕ್ಕ ಫೋಲ್ಡರಿನಲ್ಲಿರುತ್ತವೆ. ಆದರೂ ಕೆಲವು ತಂತ್ರಾಂಶಗಳು ಸಂಚಾರಿ ಭಾಗದಲ್ಲಿ ಕಸವನ್ನು ಹಾಕುತ್ತವೆ. ಅಂಥ ಫೋಲ್ಡರುಗಳನ್ನು ಹೆಸರಿಸಿ ಸಂಚಾರದಿಂದ ಹೊರಗಿಡಲು ನಿರ್ವಾಹಕನಿಗೆ ಅವಕಾಶವಿದೆ. ವಿದ್ಯಾರ್ಥಿಯ ಪಾಲನ್ನು ಕಡಿಯುವ ಮೊದಲು ಈ ಹೂಳನ್ನು ತೆಗೆಯುವುದು ನ್ಯಾಯ.

ಎಲ್ಲರಿಗೂ ಒಂದೇ ಮಿತಿ ಇರಬೇಕೆ ಎಂಬಲ್ಲಿ ಭಿನ್ನಾಭಿಪ್ರಾಯಗಳಿವೆ. ಸಮಾನತೆಯ ಹೆಸರಿನಲ್ಲಿ ವಾಣಿಜ್ಯದ ವಿದ್ಯಾರ್ಥಿಗೂ ಕಂಪ್ಲಿಯ ಕೋಟೆಯನ್ನು ಅಳೆದು ಚಿತ್ರಿಸುತ್ತಿರುವವನಿಗೂ ಒಂದೇ ಅಂಕಿಯನ್ನು ಕೊಟ್ಟರೆ, ಮೊದಲಿನವನ ಜಾಗವು ಖಾಲಿಯಾಗಿಯೇ ಉಳಿಯುತ್ತದೆ, ಎರಡನೆಯವನು ಪೆನ್‌ಡ್ರೈವುಗಳನ್ನು ಜೇಬಿನಲ್ಲಿಟ್ಟುಕೊಂಡು ಅಲೆಯುತ್ತಾನೆ. ನಮಗೆ ಸರಿತೋರುವುದೆಂದರೆ, ತಲೆಗೆ ಒಂದು ಸಾಮಾನ್ಯ ಪಾಲು, ಅದರ ಮೇಲೆ ಯೋಜನೆಗೊಂದು ಜಾಗ. ಯೋಜನೆಯ ಜಾಗವು ವಿದ್ಯಾರ್ಥಿಯ ಹೆಸರಿನಲ್ಲಿರದೆ ಕೆಲಸದ ಹೆಸರಿನಲ್ಲಿರಲಿ, ಒಬ್ಬ ಅಧ್ಯಾಪಕನು ಅದಕ್ಕೆ ಹೊಣೆಯಾಗಲಿ, ಮುಗಿಯುವ ತಾರೀಖು ಮೊದಲೇ ಬರೆದಿರಲಿ. ಹಂಪೆ, ಕಂಪ್ಲಿ, ಸಂಡೂರುಗಳ ಸಾಮಗ್ರಿಯು ಒಂದು ತಂಡದ ಐವರಲ್ಲಿ ಐದು ನಕಲಾಗಿ ಬಿದ್ದಿರುವುದೂ ಆಗ ತಪ್ಪುತ್ತದೆ.

ಜಾಗವನ್ನು ಹೊರಗಿನ ಕಂಪನಿಗಳು ಬಿಟ್ಟಿಯಾಗಿ ಕೊಡುತ್ತವೆಯಲ್ಲ ಎಂಬ ಸಮಾಧಾನಕ್ಕೆ ಈಗ ಬಲವಿಲ್ಲ. ವಿದ್ಯಾಸಂಸ್ಥೆಗಳಿಗೆ ಮಿತಿಯೇ ಇಲ್ಲದ ಸಂಗ್ರಹವನ್ನು ಕೊಡುತ್ತಿದ್ದ ಗೂಗಲ್ ಸಂಸ್ಥೆಯು 2021ರಲ್ಲಿ ಬದಲಾವಣೆಯನ್ನು ಪ್ರಕಟಿಸಿ, 2022ರ ಜುಲೈಯಿಂದ ಒಂದು ಸಂಸ್ಥೆಗೆ ಒಟ್ಟಾಗಿ 100 ಟೆರಾಬೈಟೆಂದು ಕಟ್ಟುಮಾಡಿತು. ದೊಡ್ಡ ಅಂಕಿಯಂತೆ ಕಾಣುತ್ತದೆ. 20,000 ಖಾತೆಗಳಿರುವ ವಿಶ್ವವಿದ್ಯಾಲಯದಲ್ಲಿ ತಲೆಗೆ ಬರುವುದು 5 ಗಿಗಾಬೈಟು ಮಾತ್ರ. ಹಂಚುವ ಕಷ್ಟವು ಮತ್ತೆ ನಮ್ಮ ಮೇಜಿನ ಮೇಲೆಯೇ ಬಂದು ಕುಳಿತಿದೆ.

ಎಚ್ಚರಿಕೆಯ ಮಾತನ್ನು ನಿರ್ವಾಹಕನು ತನ್ನ ಇಷ್ಟದಂತೆ ಬರೆಯಬಹುದೆಂದು ಮೇಲೆ ಹೇಳಿದೆವು. ಹಾಗಿದ್ದ ಮೇಲೆ ಅದು ಕನ್ನಡದಲ್ಲಿ ಏಕಿರಬಾರದು? ‘ನಿಮ್ಮ ಪ್ರೊಫೈಲು ಮಿತಿಯನ್ನು ದಾಟಿದೆ. ಈ ಯಂತ್ರದಲ್ಲಿ ಇಂದು ಮಾಡಿದ ಕೆಲಸವು ಸರ್ವರಿಗೆ ಹೋಗುವುದಿಲ್ಲ. ದೊಡ್ಡ ಫೈಲುಗಳನ್ನು ದಾಖಲೆಗಳ ಫೋಲ್ಡರಿಗೆ ಸಾಗಿಸಿ ಆಮೇಲೆ ಹೊರಗೆ ಹೋಗಿರಿ.’ ಇಷ್ಟು ಸಾಕು. ಏನಾಗಿದೆ, ಅದರಿಂದ ಏನಾಗುತ್ತದೆ, ಏನು ಮಾಡಬೇಕು ಎಂಬ ಮೂರೂ ಇದರಲ್ಲಿ ಬಂದಿವೆ. ದಾಖಲೆಗಳ ಫೋಲ್ಡರನ್ನು ಪ್ರೊಫೈಲಿನಿಂದ ಹೊರಗೆ ನೆಲೆಗೊಳಿಸಿದ್ದರೆ ಮಾತ್ರ ಈ ಸಲಹೆಯು ಸಲ್ಲುತ್ತದೆಂದು ಬೇರೆ ಹೇಳಬೇಕಾದುದಿಲ್ಲ.

ಉಳಿದುದು, ಓದು ಮುಗಿಸಿ ಹೋದವರ ಖಾತೆಗಳು. ಪರೀಕ್ಷೆಯ ಫಲಿತಾಂಶ ಬಂದ ಕೆಲವು ವಾರಗಳಲ್ಲಿ ಅವನ್ನು ಅಳಿಸುವುದು ಅನೇಕ ಕಡೆ ರೂಢಿಯಾಗಿದೆ. ಹೊಸಬರಿಗೆ ಜಾಗ ಬೇಕಾದುದರಿಂದ ಇದನ್ನು ತಪ್ಪೆನ್ನಲಾಗದು. ಆದರೆ ಅಳಿಸುವ ಮುನ್ನ ವಿಭಾಗಕ್ಕೆ ಒಂದು ಪಟ್ಟಿ ಬರಬೇಕು. ಕಿರುಪ್ರಬಂಧಗಳ ಮೂಲಚಿತ್ರಗಳನ್ನೂ ಶಾಸನಪಾಠಗಳನ್ನೂ, ಊರಿನ ಹೆಸರು, ತಾರೀಖು, ಚಿತ್ರ ತೆಗೆದವರ ಹೆಸರುಗಳೊಡನೆ, ವಿಭಾಗದ ಸಂಗ್ರಹಕ್ಕೆ ತೆಗೆದುಕೊಳ್ಳಲು ಕಡೆಯ ಪಕ್ಷ ಒಂದು ತಿಂಗಳ ಅವಕಾಶವಿರಬೇಕು. ಇದಕ್ಕಾಗಿ ಪ್ರತಿವರ್ಷವೂ ಮೇ ತಿಂಗಳಲ್ಲಿ ಒಬ್ಬ ಅಧ್ಯಾಪಕನನ್ನೂ ಇಬ್ಬರು ಸಂಶೋಧನ ವಿದ್ಯಾರ್ಥಿಗಳನ್ನೂ ನೇಮಿಸಿದರೆ ಒಂದು ವಾರದ ಕೆಲಸ.